ತಿಗಣೆ ಯಾರ ಲೆಕ್ಕಕ್ಕೆ?
ಬಾಡಿಗೆಯ ಬಿಡಾರದಲ್ಲಿ ಮಾಲಕನ ಹೊಣೆ, ವಾಸಿಯ ಹೊಣೆ

ಕಳೆದ ವಾರದ ಟಪಾಲಿನಲ್ಲಿ ಡೊಂಬಿವಲಿಯ ವಾಚಕರೊಬ್ಬರ ಪತ್ರ ಬಂದಿದೆ. ಅವರು ಕೋಟೆ ವಿಭಾಗದ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತರು. ಹನ್ನೊಂದು ತಿಂಗಳ ಕರಾರಿನ ಮೇಲೆ ಎರಡು ಸಲ ಹಿಡಿದಿದ್ದ ಖೋಲಿಯನ್ನು ಬಿಟ್ಟು ಬೇರೊಂದು ಬಿಡಾರಕ್ಕೆ ಹೋಗುವ ದಿನ ಮಾಲಕನು 50,000 ರೂಪಾಯಿಗಳ ಠೇವಣಿಯಲ್ಲಿ 7,500 ರೂಪಾಯಿಗಳನ್ನು ಹಿಡಿದುಕೊಂಡನಂತೆ. ಕಾರಣ ಕೇಳಿದರೆ, “ನೀವು ಖೋಲಿಯಲ್ಲಿ ತಿಗಣೆ ಬೆಳೆಸಿದಿರಿ, ಔಷಧ ಹೊಡೆಸಿ ಬಣ್ಣ ಬಳಿಸಬೇಕು” ಎಂದನಂತೆ. ನಮ್ಮ ವಾಚಕರ ಸಂಕಟವಾದರೋ ಬೇರೆ. ಅವರು ಆ ಖೋಲಿಗೆ ಬಂದ ಮೂರನೆಯ ರಾತ್ರಿಯೇ ತಿಗಣೆ ಕಂಡಿತ್ತು. ಹಿಂದಿದ್ದ ಸಂಸಾರವು ಇದೇ ಕಾಟಕ್ಕೆ ಬೇಸತ್ತು ಬಿಟ್ಟುಹೋಯಿತೆಂದು ನೆರೆಯ ಬಾಯಿಯೊಬ್ಬಳು ಆಮೇಲೆ ಹೇಳಿದಳು. ಎರಡು ಹಾಸಿಗೆಗಳನ್ನು ಅವರು ಬೀದಿಗೆ ಎಸೆದರು. ಎರಡು ಸಲ ತಮ್ಮ ಕೈಯಿಂದಲೇ ಹಣ ಕೊಟ್ಟು ಔಷಧ ಹೊಡೆಸಿದರು. “ನಾನು ಬರುವ ಮೊದಲೇ ಇದ್ದ ತಿಗಣೆಗೆ ನಾನೇ ಬಾಡಿಗೆಯನ್ನೂ ಕೊಟ್ಟು ದಂಡವನ್ನೂ ತೆರಬೇಕೇ?” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯನ್ನು ಹಾಸ್ಯವೆಂದು ತಳ್ಳಿಹಾಕುವವರು ಚಾಳಿನಲ್ಲಿ ಮಲಗಿ ಎದ್ದವರಲ್ಲ. ದಿನವಿಡೀ ನಿಂತು ಬಡಿಸುವವನಿಗೆ, ಎರಡು ಗಂಟೆ ಲೋಕಲ್ ಗಾಡಿಯಲ್ಲಿ ತೂಗಾಡಿಕೊಂಡು ಹೋಗಿ ಲೆಕ್ಕ ಬರೆಯುವವನಿಗೆ, ರಾತ್ರಿಯ ಐದಾರು ಗಂಟೆಗಳ ನಿದ್ದೆಯೇ ಆಸ್ತಿ. ಆ ಆಸ್ತಿಗೆ ಕನ್ನ ಹಾಕುವ ಜೀವಿಯ ಹೊಣೆ ಯಾರದೆಂಬುದನ್ನು ನಿರ್ಣಯಿಸಬೇಕಾದುದು ನ್ಯಾಯವೇ ಸರಿ.

ಈ ವಿಷಯದಲ್ಲಿ ಬರೆಯುವುದಕ್ಕೆ ನನಗೆ ಒಂದು ವಿಶೇಷ ಅಧಿಕಾರವುಂಟು. ನಾನು ಎರಡೂ ಪಂಕ್ತಿಯಲ್ಲಿ ಕುಳಿತವನು: ಮಾಲಕನಿಗೆ ಬಾಡಿಗೆ ಕೊಟ್ಟವನೂ ಹೌದು, ಹುಡುಗರಿಗೆ ಬಿಡಾರ ಕೊಟ್ಟವನೂ ಹೌದು. ಆದುದರಿಂದ ಮೊದಲು ನನ್ನ ತಪ್ಪನ್ನೇ ಹೇಳಿಬಿಡುವುದು ಯೋಗ್ಯ.

ಎಸ್.ಎಸ್.ಎಲ್.ಸಿ. ಮುಗಿಸಿ ನಾನು ಮುಂಬಯಿಗೆ ಬಂದದ್ದು 1996ರಲ್ಲಿ. ಮೊದಲ ಎರಡು ವರ್ಷ ಹೋಟೆಲಿನ ಮೇಜುಗಳನ್ನು ಜೋಡಿಸಿಕೊಂಡು ಮಲಗಿದೆ. ಅಲ್ಲಿ ಜಿರಳೆಯ ಸಂಚಾರವಿದ್ದರೂ ತಿಗಣೆಯಿರಲಿಲ್ಲ. ದಿನಕ್ಕೆರಡು ಸಲ ಬಿಸಿನೀರಿನಲ್ಲಿ ತೊಳೆದ ಕಲ್ಲಿನ ಮೇಜಿನಲ್ಲಿ ಅದಕ್ಕೆ ಅಡಗಲು ತಾಣವೆಲ್ಲಿ? ಮುಂದೆ 2009ರಲ್ಲಿ ಸಾಕಿನಾಕಾದ ಬಳಿ ನನ್ನದೇ ಒಂದು ಸಣ್ಣ ಹೋಟೆಲನ್ನು ತೆರೆದಾಗ, ಕೆಲಸದ ಹುಡುಗರಿಗಾಗಿ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಒಂದು ಖೋಲಿಯನ್ನು ಬಾಡಿಗೆಗೆ ಹಿಡಿದೆ. ಒಂಬತ್ತು ಮಂದಿ ಹುಡುಗರು, ಐದು ಹಲಗೆ ಮಂಚಗಳು. ಬೆಳಗಿನ ಪಾಳಿಯವರು ಏಳುತ್ತಲೇ ರಾತ್ರಿಯ ಪಾಳಿಯವರು ಅದೇ ಹಾಸಿಗೆಯಲ್ಲಿ ಮಲಗುವರು. ಜಾಗದ ಉಳಿತಾಯವೆಂದು ನಾನು ಇದನ್ನು ಜಾಣತನವೆಂದೇ ಎಣಿಸಿದ್ದೆ. ಆ ಮಂಚಗಳು ಇಪ್ಪತ್ತನಾಲ್ಕು ಗಂಟೆಯೂ ಬರಿದಾಗುತ್ತಿರಲಿಲ್ಲ. ಅಂದರೆ ತಿಗಣೆಗೆ ಇಪ್ಪತ್ತನಾಲ್ಕು ಗಂಟೆಯೂ ಊಟ ಸಿದ್ಧವಾಗಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ಹುಡುಗರು ಒಂದೆರಡು ಸಲ ಹೇಳಿದರು. “ಸೀಮೆಎಣ್ಣೆ ಹಚ್ಚಿರಪ್ಪಾ” ಎಂದು ಗಲ್ಲೆಯಿಂದ ನೂರು ರೂಪಾಯಿ ತೆಗೆದುಕೊಟ್ಟು ಕೈ ತೊಳೆದುಕೊಂಡೆ. ಒಂದು ದಿನ ಸಪ್ಲಾಯರ್ ಹುಡುಗನೊಬ್ಬ ಮಧ್ಯಾಹ್ನದ ಗದ್ದಲದಲ್ಲಿ ನಿಂತಲ್ಲೇ ತೂಕಡಿಸಿ ಸಾಂಬಾರಿನ ಬಕೀಟನ್ನು ಕಾಲಮೇಲೆ ಸುರಿದುಕೊಂಡ. ನಾನು ಅವನನ್ನು ಬಯ್ದೆ. ರಾತ್ರಿ ಮೊಬೈಲಿನಲ್ಲಿ ಕಾಲಹರಣ ಮಾಡಿ ಹಗಲು ತೂಕಡಿಸುತ್ತೀಯೆಂದು ಎಲ್ಲರೆದುರಿಗೆ ಹಳಿದೆ. ಸುಟ್ಟ ಕಾಲು ವಾಸಿಯಾಗುವ ತನಕ ಊರಿಗೆ ಹೋಗಿ ಬಾ ಎಂದು ಬಸ್ಸು ಹತ್ತಿಸಿದೆ. ನಾಲ್ಕನೆಯ ದಿನ ಬೈಂದೂರು ಕಡೆಯಿಂದ ಅವನ ತಾಯಿಯ ಫೋನು ಬಂತು. ಮಗನ ಪೆಟ್ಟಿಗೆಯನ್ನು ಬಿಚ್ಚಿದಾಗ ಬಟ್ಟೆಯ ಮಡಿಕೆಗಳಲ್ಲಿ ತಿಗಣೆಗಳಿದ್ದುವು. ಪೆಟ್ಟಿಗೆಯನ್ನು ಅಂಗಳದಲ್ಲಿ ಬಿಸಿಲಿಗಿಟ್ಟು ಬಟ್ಟೆಗಳನ್ನೆಲ್ಲ ಹಂಡೆಯಲ್ಲಿ ಕುದಿಸಿದಳಂತೆ. ಮಗನ ಬೆನ್ನು ನೋಡಿ ಅತ್ತಳಂತೆ. ಆಕೆ ನನ್ನನ್ನು ಬಯ್ಯಲಿಲ್ಲ. “ಹ್ವಾಯ್, ನೀವೊಂದ್ ರಾತ್ರಿ ಅಲ್ಲಿ ಮನಿಕಂಡ್ ಕಾಣಿ” ಎಂದಷ್ಟೇ ಹೇಳಿ ಫೋನನ್ನು ಇಟ್ಟಳು.

ಮಲಗಿ ನೋಡಿದೆ. ಎರಡು ಗಂಟೆಯೂ ಕಳೆಯಲಿಲ್ಲ, ದೀಪ ಹಾಕಿ ಎದ್ದು ಕುಳಿತೆ. ಗೋಡೆಯ ಗಾರೆ ಬಿಟ್ಟ ಬಿರುಕಿನಿಂದ, ವಿದ್ಯುತ್ ತಂತಿ ಹೋಗುವ ಮರದ ಪಟ್ಟಿಯ ಹಿಂದಿನಿಂದ, ಅವು ಸಾಲಾಗಿ ಇಳಿದು ಬರುತ್ತಿದ್ದುವು. ನೆರೆಯ ಖೋಲಿಯ ಗೋಡೆಯೂ ಅದೇ, ಬಿರುಕೂ ಅದೇ.

ಮರುದಿನ ಚಾಳಿನ ಮಾಲಕನ ಬಳಿಗೆ ಹೋದೆ. “ತಿಗಣೆಯನ್ನು ನಿನ್ನ ಹುಡುಗರು ತಂದರು, ನನ್ನ ಗೋಡೆ ಹಡೆಯಲಿಲ್ಲ” ಎಂದ. ಮಾತು ಚೆನ್ನಾಗಿತ್ತು, ಅರ್ಧ ನಿಜವೂ ಆಗಿತ್ತು. ನಾನು 1,800 ರೂಪಾಯಿ ಕೊಟ್ಟು ನಮ್ಮ ಖೋಲಿಗೆ ಔಷಧ ಹೊಡೆಸಿದೆ. ಇಪ್ಪತ್ತನೆಯ ದಿನಕ್ಕೆ ತಿಗಣೆಗಳು ಹಿಂದೆ ಬಂದುವು. ಅಷ್ಟರಲ್ಲಿ ಎಡಗಡೆಯ ಖೋಲಿಯವರೂ ಬಲಗಡೆಯ ಖೋಲಿಯವರೂ ಜಗಳಕ್ಕೆ ಬಂದರು: ನಮ್ಮಿಂದ ಓಡಿಸಲ್ಪಟ್ಟವು ಅವರಲ್ಲಿಗೆ ಹೋಗಿದ್ದುವು!

ಮಾಲಕ ಮತ್ತು ವಾಸಿಗಳ ಜಗಳವೆಲ್ಲ ತಪ್ಪುದಾರಿ ಹಿಡಿಯುವುದು ಇಲ್ಲಿಯೇ. ತಿಗಣೆ ಬರುವುದು ಮನುಷ್ಯನೊಂದಿಗೆ. ಪೆಟ್ಟಿಗೆ, ಹಾಸಿಗೆ, ಹಳೆಯ ಕುರ್ಚಿ ಇವುಗಳೇ ಅದರ ವಾಹನ. ಆದರೆ ಅದು ನೆಲೆಸುವುದು ಕಟ್ಟಡದಲ್ಲಿ. ಹೆಣ್ಣು ತಿಗಣೆ ದಿನಕ್ಕೆ ಕೆಲವೇ ಮೊಟ್ಟೆಗಳನ್ನಿಟ್ಟರೂ ತನ್ನ ಆಯುಷ್ಯದಲ್ಲಿ ನೂರಾರು ಇಡುತ್ತದೆ. ಬಿರುಕಿನಲ್ಲಿ ಅಂಟಿಸಿದ ಮೊಟ್ಟೆ ಒಂದು ವಾರ, ಹತ್ತು ದಿನಗಳಲ್ಲಿ ಒಡೆಯುತ್ತದೆ. ಬೆಳೆದ ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಕಾದಿರಬಲ್ಲುದು. ಸಾಮಾನ್ಯ ಔಷಧಗಳು ಮೊಟ್ಟೆಯನ್ನು ಕೊಲ್ಲವು. ಆದುದರಿಂದ ಸುಮಾರು ಎರಡು ವಾರಗಳಾದ ಮೇಲೆ ಇನ್ನೊಮ್ಮೆ ಹೊಡೆಸಲೇಬೇಕು. ಡಿ.ಡಿ.ಟಿ. ಬಂದ ಕಾಲದಲ್ಲಿ ತಿಗಣೆಯ ವಂಶವೇ ಮುಗಿಯಿತೆಂದು ಜನ ನಂಬಿದ್ದರು. 1940ರ ದಶಕ ಮುಗಿಯುವ ಮೊದಲೇ ಹವಾಯಿ ದ್ವೀಪಗಳಲ್ಲಿ ಡಿ.ಡಿ.ಟಿ.ಗೆ ಜಗ್ಗದ ತಿಗಣೆ ಕಂಡುಬಂತು. ಈಗ ಜಗತ್ತಿನ ದೊಡ್ಡ ನಗರಗಳೆಲ್ಲ ಮತ್ತೆ ಅದೇ ಕಾಟವನ್ನು ಅನುಭವಿಸುತ್ತಿವೆ. ತಿಗಣೆಯಿಂದ ಮನುಷ್ಯನಿಗೆ ರೋಗ ಹರಡಿದ್ದು ಸಿದ್ಧವಾಗಿಲ್ಲವೆಂಬುದೊಂದೇ ಸಮಾಧಾನ. ನಿದ್ದೆಗೆಟ್ಟವನಿಗೆ ಅದೇನು ಸಮಾಧಾನವೋ!

ಇಲಿಯ ಮಾತು ಹಾಗಲ್ಲ. ಕ್ರಿಮಿಕೀಟಗಳ ವಿಷಯದಲ್ಲಿ ಮನೆಯ ಗೋಡೆಗೂ ಹೊಣೆಯುಂಟೆಂಬ ಪಾಠವನ್ನು ಈ ಮುಂಬಯಿ ಶಹರವು ಪ್ರಾಣ ತೆತ್ತು ಕಲಿತಿದೆ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಧಾನ್ಯದ ಮಳಿಗೆಗಳ ಸುತ್ತಿನ ಕಿಕ್ಕಿರಿದ ವಸತಿಗಳಲ್ಲಿ ಡಾ| ಅಕಾಸಿಯೊ ಗೇಬ್ರಿಯಲ್ ವಿಯೆಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಅಧಿಕಾರಿಗಳು ಮನೆಗಳಿಗೆ ಸುಣ್ಣ ಹೊಡೆದರು, ಕಾರ್ಬೋಲಿಕ್ ದ್ರಾವಣ ಸುರಿದರು, ಬೆಳಕು ಬರಲೆಂದು ಹೆಂಚು ತೆಗೆಸಿದರು; ವಾಸಕ್ಕೆ ಅನರ್ಹವೆಂದು ಗೋಡೆಗಳ ಮೇಲೆ ಅಕ್ಷರಗಳನ್ನು ಬರೆದರು. ರೋಗಿಯನ್ನು ಆಸ್ಪತ್ರೆಗೆ ಎಳೆದೊಯ್ದರು, ಮನೆಮಂದಿಯನ್ನು ಬಿಡಾರಕ್ಕೆ ಸಾಗಿಸಿದರು. ಇಲಿಗಳಾದರೋ ಗೋಡೆಯ ಬಿಲದಿಂದ ನೆರೆಮನೆಗೆ ನಡೆದುವು. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಸಾಗಿಸುವುದೆಂದು 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ತೋರಿಸಿಕೊಟ್ಟರೂ ವಿದ್ವಾಂಸರು ಕೂಡಲೇ ನಂಬಲಿಲ್ಲ. ಮುಂದೆ ಪರೇಲಿನಲ್ಲಿದ್ದ ಸಂಶೋಧಕರು ಪ್ಲೇಗು ಬಿದ್ದ ಮನೆಗಳಲ್ಲಿ ಗಿನಿಪಿಗ್ ಪ್ರಾಣಿಗಳನ್ನು ಬಿಟ್ಟು ಅದು ಸತ್ಯವೆಂದು ಸ್ಥಿರಪಡಿಸಿದರು. 1898ರಲ್ಲಿ ಸ್ಥಾಪಿತವಾದ ಮುಂಬಯಿ ಸುಧಾರಣಾ ಟ್ರಸ್ಟು ಹಳೆಯ ಇಕ್ಕಟ್ಟುಗಳನ್ನು ಕೆಡವಿತು; ಗಾಳಿ ಬೆಳಕಿರುವ ಬಡಾವಣೆಗಳನ್ನು ಉತ್ತರದಲ್ಲಿ ಯೋಜಿಸಿತು. ನಮ್ಮವರ ಉಡುಪಿ ಹೋಟೆಲುಗಳು ನೆಲೆಯೂರಿದ ಮಾಟುಂಗದ ಅಗಲ ಬೀದಿಗಳು ಆ ಯೋಜನೆಯ ಫಲ. ಅದೇ ವರ್ಷ ಪ್ಲೇಗು ಬೆಂಗಳೂರನ್ನು ಮುಟ್ಟಿದಾಗ ಅಲ್ಲಿಯೂ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಮನೆಯ ಒಳಗಿನ ಕಸಕ್ಕೆ ವಾಸಿಯನ್ನು ಬಯ್ಯಬಹುದು, ಮನೆಯನ್ನೇ ಬಿಲದಂತೆ ಕಟ್ಟಿದವನನ್ನು ಬಿಟ್ಟು ಪ್ರಯೋಜನವಿಲ್ಲವೆಂಬುದನ್ನು ಅಂದಿನ ಸರಕಾರವೂ ಕೊನೆಗೆ ಒಪ್ಪಬೇಕಾಯಿತು.

ಇಂದಿಗೂ ಮಹಾನಗರಪಾಲಿಕೆಯ ಮೂಷಕ ಸಂಹಾರಕರು ಟಾರ್ಚು, ಬಡಿಗೆಗಳೊಡನೆ ರಾತ್ರಿ ಬೀದಿಗಿಳಿಯುವುದುಂಟು. ಒಬ್ಬೊಬ್ಬನಿಗೆ ರಾತ್ರಿಗೆ 30 ಇಲಿಗಳ ಲೆಕ್ಕ ಗೊತ್ತುಮಾಡಿದ್ದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ, ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಲೆಪ್ಟೊಸ್ಪೈರೋಸಿಸ್ ಜ್ವರಕ್ಕೆ ಎಷ್ಟು ಮಂದಿ ಬಲಿಯಾದರೆಂಬುದನ್ನು ಹಳಬರು ಮರೆತಿರಲಾರರು. ಬೀದಿಯ ಇಲಿ, ಸೊಳ್ಳೆಗಳು ಪಾಲಿಕೆಯ ಲೆಕ್ಕ. 1916 ಎಂಬ ನಂಬರಿಗೆ ಫೋನು ಮಾಡಿದರೆ ಮುಂಬಯಿ ಪಾಲಿಕೆಯು ದೂರನ್ನು ದಾಖಲಿಸಿಕೊಳ್ಳುತ್ತದೆ. ಠಾಣೆ, ಕಲ್ಯಾಣ-ಡೊಂಬಿವಲಿ, ವಸಾಯಿ-ವಿರಾರ, ನವಿ ಮುಂಬಯಿಗಳಿಗೆ ಅವುಗಳದೇ ಪಾಲಿಕೆಗಳಿವೆ. ನಿಂತ ನೀರಿನಲ್ಲಿ ಸೊಳ್ಳೆಮರಿ ಕಂಡರೆ 1888ರ ಪಾಲಿಕಾ ಅಧಿನಿಯಮದಂತೆ ಮಾಲಕನಿಗಾಗಲಿ ವಾಸಿಗಾಗಲಿ ನೋಟೀಸು ಬರಬಹುದು. ಮಾಳಿಗೆಯ ಮೇಲಿನ ತೊಟ್ಟಿ ಮಾಲಕನದು ಅಥವಾ ಸೊಸೈಟಿಯದು. ಕಿಟಕಿಯ ಹೂಕುಂಡದ ಕೆಳಗಿನ ತಟ್ಟೆ ನಿಮ್ಮದು.

ಇನ್ನು ಖೋಲಿಯ ಒಳಗಿನ ಕಾನೂನಿಗೆ ಬರೋಣ.

ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮವು 1999ರದು. 1947ರ ಹಳೆಯ ಮುಂಬಯಿ ಬಾಡಿಗೆ ಕಾಯಿದೆಯ ಸ್ಥಾನದಲ್ಲಿ ಬಂದದ್ದು. ಅದರ 14ನೆಯ ಕಲಮಿನಲ್ಲಿ ತಿಗಣೆಯ ಹೆಸರಿಲ್ಲ, ಇಲಿಯ ಹೆಸರಿಲ್ಲ. ಆದರೆ, ಬಾಡಿಗೆದಾರನು ಬೇರೆ ವಿಧವಾಗಿ ಒಪ್ಪಿಕೊಂಡಿರದಿದ್ದರೆ, ಮನೆಯನ್ನು ವಾಸಯೋಗ್ಯವಾದ ಸುಸ್ಥಿತಿಯಲ್ಲಿಡಲು ಪ್ರತಿಯೊಬ್ಬ ಮಾಲಕನೂ ಬದ್ಧನು ಎಂದಿದೆ. ಅವನು ದುರಸ್ತಿಯನ್ನು ಅಲಕ್ಷಿಸಿದರೆ ಬಾಡಿಗೆದಾರನು, ಅಥವಾ ಹಲವು ಬಾಡಿಗೆದಾರರು ಕೂಡಿ, ಹದಿನೈದು ದಿನಗಳಿಗೆ ಕಡಿಮೆಯಿಲ್ಲದ ನೋಟೀಸು ಕೊಡಬೇಕು. ಆ ಮೇಲೆಯೂ ಯುಕ್ತ ಕಾಲದಲ್ಲಿ ಕೆಲಸವಾಗದಿದ್ದರೆ ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಯಾವ ವರ್ಷದಲ್ಲಿಯೂ ಆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಪಾಲನ್ನು ಮೀರಕೂಡದು. ಖರ್ಚಿನ ಲೆಕ್ಕವನ್ನೂ ರಸೀದಿಗಳನ್ನೂ ಇಟ್ಟುಕೊಂಡಿರತಕ್ಕದ್ದು, ಅವೇ ಪುರಾವೆ.

ಬಿರುಕುಬಿಟ್ಟ ಗಾರೆ, ಒಡೆದ ಮೋರಿಯ ಕೊಳವೆ, ಜಾಲರಿಯಿಲ್ಲದ ಗಟಾರದ ಬಾಯಿ, ಗೆದ್ದಲು ತಿಂದ ಬಾಗಿಲ ಚೌಕಟ್ಟು ಇವೆಲ್ಲ ದುರಸ್ತಿಯ ವಿಷಯಗಳೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾಲಕನಿಗೆ ಬರೆಯುವಾಗ “ತಿಗಣೆ ಇದೆ, ಔಷಧ ಹೊಡೆಸಿ” ಎಂದಷ್ಟೇ ಬರೆದರೆ ಅವನು “ನೀನೇ ತಂದದ್ದು” ಎನ್ನುವನು. “ಉತ್ತರದ ಗೋಡೆಯ ಗಾರೆ ಮೂರಡಿ ಬಿಟ್ಟಿದೆ, ನೆರೆಯ ಖೋಲಿಗೂ ನಮಗೂ ನಡುವೆ ಸಂದು ಇದೆ, ಅದರಲ್ಲಿ ತಿಗಣೆ ನೆಲೆಸಿದೆ, ಗಾರೆ ಮಾಡಿಸಿ” ಎಂದು ಬರೆದರೆ ಮಾತು 14ನೆಯ ಕಲಮಿನ ಒಳಗೆ ಬರುತ್ತದೆ. ಗಿರಗಾಂವ, ಪರೇಲ ಕಡೆಯ ಹಳೆಯ ಕಟ್ಟಡಗಳಲ್ಲಿ ಗೆದ್ದಲು ಮರದ ತೊಲೆಯನ್ನೋ ಮೆಟ್ಟಿಲನ್ನೋ ತಿಂದಿದ್ದರೆ ಅದು ನಿದ್ದೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಸೆಸ್ ತೆರುವ ಕಟ್ಟಡವಾದರೆ ಮ್ಹಾಡಾದ ಕಟ್ಟಡ ದುರಸ್ತಿ ಮಂಡಳಿಗೂ ಆ ದಿನವೇ ಬರೆಯಬೇಕು.

ಈ ಕಾನೂನಿನಲ್ಲಿ ಒಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗಲಾರೆ. ಪಗಡಿಯ ಖೋಲಿಯಲ್ಲಿರುವ ಬಾಡಿಗೆದಾರನಿಗೆ ಈ ಹಕ್ಕು ಪೂರ್ಣವಾಗಿ ಇದೆ. ಆದರೆ ಅವನ ಬಾಡಿಗೆ ತಿಂಗಳಿಗೆ 150 ರೂಪಾಯಿಯೆಂದಿಟ್ಟುಕೊಳ್ಳಿ, ವರ್ಷಕ್ಕೆ 1,800 ಆಯಿತು, ಅದರ ನಾಲ್ಕನೆಯ ಒಂದು ಪಾಲು 450. ಆ ಹಣದಲ್ಲಿ ಗಾರೆಯವನು ಮೆಟ್ಟಿಲು ಹತ್ತಿ ಬರಲೂ ಒಪ್ಪುವುದಿಲ್ಲ. ಅತ್ತ ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ ಹನ್ನೊಂದು ತಿಂಗಳ ‘ಲೀವ್ ಎಂಡ್ ಲೈಸೆನ್ಸ್’ ಕರಾರಿನ ಮೇಲೆ ಸಂಬಳದ ಮೂರನೆಯ ಒಂದು ಪಾಲನ್ನು ಸುರಿಯುವವನು ಕಾಯಿದೆಯ ಕಣ್ಣಿಗೆ ಬಾಡಿಗೆದಾರನೇ ಅಲ್ಲ, ಕೇವಲ ಪರವಾನಗಿದಾರ. 14ನೆಯ ಕಲಮು ಅವನ ಕೈ ಹಿಡಿಯುವುದಿಲ್ಲ. ಹಕ್ಕಿದ್ದವನಿಗೆ ಮುರಿದುಕೊಳ್ಳಲು ಬಾಡಿಗೆಯಿಲ್ಲ, ಬಾಡಿಗೆ ಕೊಡುವವನಿಗೆ ಹಕ್ಕಿಲ್ಲ. ಕಾಯಿದೆ ಮಾಡುವವರು ಒಂದು ರಾತ್ರಿ ಅಲ್ಲಿ ಮಲಗಿ ನೋಡಿದ್ದರೆ ಹೀಗಾಗುತ್ತಿರಲಿಲ್ಲವೇನೋ.

ಆದರೆ ಪರವಾನಗಿದಾರನು ಪೂರಾ ನಿರಾಯುಧನಲ್ಲ. 1882ರ ಈಸ್‌ಮೆಂಟ್ಸ್ ಕಾಯಿದೆಯ 57ನೆಯ ಕಲಮು ಹೇಳುವುದೇನೆಂದರೆ, ಪರವಾನಗಿದಾರನ ದೇಹಕ್ಕೋ ಸೊತ್ತಿಗೋ ಅಪಾಯ ತರಬಹುದಾದ ದೋಷವು ಜಾಗದಲ್ಲಿದ್ದು, ಅದು ಮಾಲಕನಿಗೆ ತಿಳಿದು ಬರುವವನಿಗೆ ತಿಳಿಯದಿದ್ದರೆ, ಮಾಲಕನು ಅದನ್ನು ಮೊದಲೇ ತಿಳಿಸಲು ಬದ್ಧನು. 58ನೆಯ ಕಲಮಿನಂತೆ ಜಾಗವನ್ನು ಅಪಾಯಕರವಾಗಿಸುವ ಯಾವ ಕೆಲಸವನ್ನೂ ಅವನು ಮಾಡಕೂಡದು. ಬಾಡಿಗೆದಾರರ ಮಟ್ಟಿಗೆ ಅದೇ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನಲ್ಲಿಯೂ, ಸಾಮಾನ್ಯ ಎಚ್ಚರಿಕೆಗೆ ಕಾಣಸಿಗದ ದೋಷವನ್ನು ಮುಚ್ಚಿಡಬಾರದೆಂಬ ಕಟ್ಟಳೆಯಿದೆ. ಜೊತೆಗೆ ವಾಸಿಯ ಮೇಲೆಯೂ ಅಲ್ಲಿ ಒಂದು ಹೊರೆಯುಂಟು: ಸಹಜವಾದ ಸವೆತವನ್ನು ಬಿಟ್ಟು, ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಇಟ್ಟುಕೊಂಡು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದಾದ ಕೇಡನ್ನು ತಾನೇ ಸರಿಪಡಿಸಬೇಕು.

ನಮ್ಮ ಡೊಂಬಿವಲಿಯ ವಾಚಕರ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಿಂದಿನ ಸಂಸಾರವು ತಿಗಣೆಯ ಸಲುವಾಗಿಯೇ ಬಿಟ್ಟುಹೋದುದು ಮಾಲಕನಿಗೆ ತಿಳಿದಿದ್ದರೆ ಅದನ್ನು ಮುಚ್ಚಿಟ್ಟದ್ದು ಅವನ ತಪ್ಪು. ಎಸೆದ ಎರಡು ಹಾಸಿಗೆಗಳು ಸೊತ್ತಿನ ಹಾನಿಯಲ್ಲದೆ ಮತ್ತೇನು? ಠೇವಣಿಯಿಂದ ಹಣ ಹಿಡಿಯುವವನು, ಕೇಡು ಇವರಿಂದಲೇ ಆಯಿತೆಂಬುದನ್ನು ತೋರಿಸಲಿ. ಕರಾರನ್ನು ನೋಂದಾಯಿಸುವ ಹೊಣೆಯೂ ಮಾಲಕನದೇ ಎಂದು 1999ರ ಅಧಿನಿಯಮದ 55ನೆಯ ಕಲಮು ವಿಧಿಸಿದೆ. ನೋಂದಾಯಿಸದಿದ್ದರೆ, ವಿರುದ್ಧವಾದುದು ಸಿದ್ಧವಾಗುವ ತನಕ, ಕರಾರಿನ ಷರತ್ತುಗಳ ವಿಷಯದಲ್ಲಿ ವಾಸಿಯ ಮಾತೇ ಮೇಲು. ಎಷ್ಟು ಮಂದಿ ಗುಮಾಸ್ತರು ಈ ಒಂದು ಸಾಲನ್ನು ತಿಳಿದಿದ್ದಾರೆ?

ಆದರೂ ಅವರ ಕೈಯಲ್ಲಿ ಪುರಾವೆ ಕಡಿಮೆ. ಮೂರನೆಯ ರಾತ್ರಿ ತಿಗಣೆ ಕಂಡಾಗ ಅವರು ಮಾಲಕನಿಗೆ ಬಾಯಿಮಾತಿನಲ್ಲಿ ಹೇಳಿದರೇ ವಿನಾ ಬರೆಯಲಿಲ್ಲ. ನಮ್ಮವರ ದೊಡ್ಡ ದೌರ್ಬಲ್ಯವಿದು. ದಾಕ್ಷಿಣ್ಯಕ್ಕೆ ಬಸಿರಾಗುವ ಜಾತಿ ನಮ್ಮದು; ಬರೆದರೆ ಮಾಲಕನಿಗೆ ಕೋಪ ಬಂದೀತು, ಖೋಲಿ ಬಿಡಿಸಿಯಾನು ಎಂಬ ಅಂಜಿಕೆ. ಖೋಲಿಯ ಬೀಗದ ಕೈ ಪಡೆದ ದಿನವೇ ಗೋಡೆ, ಮೋರಿ, ಬಾಗಿಲ ಸಂದು ಇವುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ಮಾಲಕನಿಗೆ ಕಳುಹಿಸಿದರೆ ಅರ್ಧ ವ್ಯಾಜ್ಯ ಅಲ್ಲಿಗೇ ಮುಗಿಯಿತು. ಕರಾರಿನಲ್ಲಿ ಎರಡು ಸಾಲು ಸೇರಿಸಲು ಕೇಳಿ: ಖೋಲಿ ಕೊಡುವ ಮೊದಲು ಔಷಧ ಹೊಡೆಸುವುದು ಮಾಲಕನ ಖರ್ಚು, ಆ ಮೇಲೆ ಗೋಡೆ, ಗಟಾರಗಳ ದೋಷದಿಂದ ಬಂದುದು ಅವನದು, ಮನೆಬಳಕೆಯಿಂದ ಬಂದುದು ನನ್ನದು. ಒಪ್ಪದ ಮಾಲಕರು ಬಹಳ ಮಂದಿ ಇರುವರು. ಕೇಳಿದವರೇ ಇಲ್ಲವಾದುದರಿಂದ ಒಪ್ಪುವವರು ಎಷ್ಟೆಂದು ಗೊತ್ತಾಗಿಲ್ಲ. ಬರೆದ ಸಿಟ್ಟಿಗೆ ನೀರನ್ನೋ, ದೀಪವನ್ನೋ, ಶೌಚದ ವ್ಯವಸ್ಥೆಯನ್ನೋ ನಿಲ್ಲಿಸುವ ಮಾಲಕನೂ ಉಂಟು. ಬಾಡಿಗೆದಾರನಿಗೆ ಹಾಗೆ ಮಾಡುವುದು 29ನೆಯ ಕಲಮಿನಂತೆ ಅಪರಾಧ. ಮುಂಬಯಿ ಶಹರ, ಉಪನಗರಗಳ ಬಾಡಿಗೆಯ ವ್ಯಾಜ್ಯಗಳೂ ಪರವಾನಗಿಯ ವ್ಯಾಜ್ಯಗಳೂ ಸ್ಮಾಲ್ ಕಾಸ್ ಕೋರ್ಟಿನ ಅಧಿಕಾರಕ್ಕೆ ಒಳಪಟ್ಟಿವೆ. ಅದರ ಮುಖ್ಯ ಕಚೇರಿ ಧೋಬಿತಲಾವಿನಲ್ಲಿದೆ.

ಈಗ ವಾಸಿಗಳಿಗೂ ನಾಲ್ಕು ಮಾತು. ಬೀದಿಯ ಬದಿಯಲ್ಲಿ ಯಾರೋ ಬಿಟ್ಟುಹೋದ ಮಂಚವನ್ನು ಪುಕ್ಕಟೆ ಸಿಕ್ಕಿತೆಂದು ಹೊತ್ತು ತರುವವರು ತಿಗಣೆಯನ್ನು ಮೆರವಣಿಗೆಯಲ್ಲಿ ತಂದಂತೆಯೇ. ರಾತ್ರಿ ತೊಳೆಯದ ಪಾತ್ರೆ, ತೆರೆದಿಟ್ಟ ಅಕ್ಕಿಯ ಚೀಲ, ಅಟ್ಟದ ಮೇಲೆ ಹತ್ತು ವರ್ಷದ ಪತ್ರಿಕೆಗಳ ಕಟ್ಟು (ನಮ್ಮ ಪತ್ರಿಕೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ) ಇವೆಲ್ಲ ಜಿರಳೆಗೂ ಇಲಿಗೂ ನಾವೇ ಕೊಟ್ಟ ಆಮಂತ್ರಣ. ಇವುಗಳಿಗೆ ಮಾಲಕನನ್ನು ದೂರಿದರೆ ನ್ಯಾಯವಲ್ಲ. ತಿಗಣೆ ಬಂದುದನ್ನು ನಾಚಿಕೆಯಿಂದ ಮುಚ್ಚಿಡುವುದೂ ತಪ್ಪು. ಅದು ಕೊಳಕಿನ ಗುರುತಲ್ಲ. ತೊಳೆದು ಒರೆಸಿದ ಮನೆಗೂ ಬರುತ್ತದೆ. ನೆರೆಯವರಿಗೆ ಮೊದಲ ವಾರದಲ್ಲಿ ಹೇಳಿದರೆ ಒಂದು ಖೋಲಿಯ ಕೆಲಸ, ಆರು ತಿಂಗಳಾದ ಮೇಲೆ ಹೇಳಿದರೆ ಇಡೀ ಚಾಳಿನ ಕೆಲಸ.

ವಿಷದ ವಿಷಯದಲ್ಲಿ ಮಾತ್ರ ಯಾರೂ ಉದಾಸೀನ ಮಾಡಲಾಗದು. 2022ರ ಆಗಸ್ಟಿನಲ್ಲಿ ಬೆಂಗಳೂರಿನ ವಸಂತನಗರದ ಒಂದು ಬಾಡಿಗೆ ಮನೆಯಲ್ಲಿ, ವಾಸಿಗಳು ಊರಿಗೆ ಹೋಗಿದ್ದಾಗ ಕೀಟನಾಶಕ ಹೊಡೆಸಲಾಗಿತ್ತು. ಮರಳಿ ಬಂದು ಮಲಗಿದ ಕುಟುಂಬದ ಎಂಟು ವರ್ಷದ ಹೆಣ್ಣುಮಗು ಪ್ರಾಣಬಿಟ್ಟಿತು. ತಂದೆತಾಯಿಗಳು ಆಸ್ಪತ್ರೆ ಸೇರಿದರು. ಔಷಧ ಹೊಡೆಸುವವನು ಮಾಲಕನಾಗಲಿ ವಾಸಿಯಾಗಲಿ, ಯಾವ ಔಷಧ, ಎಷ್ಟು ಗಂಟೆ ಹೊರಗಿರಬೇಕು, ಯಾವಾಗ ಕಿಟಕಿ ತೆರೆಯಬೇಕು ಎಂಬುದನ್ನು ಬರಹದಲ್ಲಿ ತಿಳಿಸಲೇಬೇಕು. ಗೋಡೆಯಾಚೆಯ ನೆರೆಯವರಿಗೂ ತಿಳಿಸಬೇಕು. 1968ರ ಕೀಟನಾಶಕ ಅಧಿನಿಯಮದ ಪ್ರಕಾರ ಈ ಉದ್ಯೋಗ ಮಾಡುವವನಿಗೆ ಪರವಾನಗಿ ಬೇಕು. ಅದನ್ನು ತೋರಿಸೆಂದು ಕೇಳಲು ಸಂಕೋಚಪಡಬಾರದು. ಧಾನ್ಯದ ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಮಂಚದ ಕೆಳಗಿಟ್ಟು ತಿಗಣೆ ಕೊಲ್ಲಹೊರಟರೆ, ಗಾಳಿಯ ತೇವ ತಾಗಿ ಅದರಿಂದ ಹೊರಡುವ ಅನಿಲವು ಮಲಗಿದವರನ್ನೂ ಕೊಂದೀತು. ಬಟ್ಟೆ, ಚಾದರಗಳಿಗೆ ಕುದಿನೀರು, ಮಂಚದ ಸಂದುಗಳಿಗೆ ಬಿಸಿ ಹಬೆ, ಬಿರುಕುಗಳಿಗೆ ಗಾರೆ, ಈ ಹಳೆಯ ಉಪಾಯಗಳು ನಿಧಾನವಾದರೂ ಯಾರ ಪ್ರಾಣವನ್ನೂ ತೆಗೆದಿಲ್ಲ. ಐವತ್ತು ಡಿಗ್ರಿ ದಾಟಿದ ಬಿಸಿಯನ್ನು ತಿಗಣೆಯೂ ಅದರ ಮೊಟ್ಟೆಯೂ ತಾಳಲಾರವು.

ನನ್ನ ವೃತ್ತಿಬಂಧುಗಳಾದ ಹೋಟೆಲು ಮಾಲಕರಿಗೂ ಒಂದು ಮಾತನ್ನು ಹೇಳಬೇಕಾಗಿದೆ. 2011ರ ಆಹಾರ ಸುರಕ್ಷಾ ನಿಯಮಗಳಂತೆ ನಮ್ಮ ಅಡುಗೆಮನೆಯಲ್ಲಿ ಕೀಟ ನಿಯಂತ್ರಣವು ಕಡ್ಡಾಯ. ಇನ್ಸ್‌ಪೆಕ್ಟರ್ ಬಂದರೆ ಕಾಗದ ತೋರಿಸಬೇಕು. ಅಕ್ಕಿಯ ಚೀಲ ಮಲಗುವ ಜಾಗಕ್ಕೆ ಇನ್ಸ್‌ಪೆಕ್ಟರನಿದ್ದಾನೆ, ಅನ್ನ ಬಡಿಸುವವನು ಮಲಗುವ ಜಾಗಕ್ಕೆ ಇಲ್ಲ. ನಾವು ಕೊಟ್ಟ ಖೋಲಿಯಲ್ಲಿರುವ ಹುಡುಗನ ಹೆಸರಿನಲ್ಲಿ ರಸೀದಿಯಿಲ್ಲ, ಕರಾರಿಲ್ಲ. ಅವನು ಮಾಲಕನಿಗೆ ನೋಟೀಸು ಕೊಡಲಾರ. ನಮಗೆ ಕೊಡುವ ಧೈರ್ಯ ಅವನಿಗೆಲ್ಲಿಯದು? ಅವನ ಪರವಾಗಿ ಚಾಳಿನ ಮಾಲಕನೊಡನೆ ಜಗಳಾಡಬೇಕಾದವರು ನಾವೇ.

ನನ್ನ ಖೋಲಿಯ ಕತೆ ಹೇಗೆ ಮುಗಿಯಿತೆಂದರೆ: ಸಾಲಿನ ಆರು ಖೋಲಿಗಳವರೂ ಒಂದು ಭಾನುವಾರ ಕೂಡಿ ಒಂದೇ ಕಾಗದಕ್ಕೆ ಸಹಿ ಹಾಕಿ ಮಾಲಕನಿಗೆ ರಿಜಿಸ್ಟರ್ಡ್ ಟಪಾಲಿನಲ್ಲಿ ಕಳುಹಿಸಿದೆವು. ಒಬ್ಬನ ಮಾತಿಗೆ ನಕ್ಕಿದ್ದವನು ಆರು ಸಹಿಗಳನ್ನು ನೋಡಿ ಬಂದು ಕುಳಿತ. ಗಾರೆಯೂ ವಿದ್ಯುತ್ ಪಟ್ಟಿಯ ಬದಲಾವಣೆಯೂ ಅವನ ಖರ್ಚು, ಔಷಧ ನಮ್ಮ ಖರ್ಚು ಎಂದು ಒಡಂಬಡಿಕೆಯಾಯಿತು. ಆರೂ ಖೋಲಿಗಳಿಗೆ ಒಂದೇ ದಿನ, ಮತ್ತೆ ಹದಿನಾಲ್ಕನೆಯ ದಿನ ಹೊಡೆಸಿದೆವು. ನಾನು ಹಲಗೆ ಮಂಚಗಳನ್ನು ತೆಗೆಸಿ ಒಂಬತ್ತು ಮಂದಿಗೆ ಒಂಬತ್ತು ಕಬ್ಬಿಣದ ಮಂಚಗಳನ್ನು ಹಾಕಿಸಿದೆ. ಜಾಗ ಸಾಲದೆ ಪಕ್ಕದ ಖೋಲಿಯ ಅರ್ಧವನ್ನೂ ಹಿಡಿಯಬೇಕಾಯಿತು. ಆ ವರ್ಷದ ಲಾಭದಲ್ಲಿ ಅದು ಕಂಡಿತು. ಕಾಲು ಸುಟ್ಟ ಹುಡುಗ ನನ್ನಲ್ಲಿಗೆ ಮರಳಲಿಲ್ಲ; ಬೇರೆ ಹೋಟೆಲಿಗೆ ಸೇರಿದನೆಂದು ಕೇಳಿದೆ.

ಡೊಂಬಿವಲಿಯ ವಾಚಕರಿಗೆ 7,500 ರೂಪಾಯಿಗಳ ವಿಷಯದಲ್ಲಿ ಬರೆಯಬೇಕಾದ ಕಾಗದದ ಮಾದರಿಯನ್ನು ಪ್ರತ್ಯೇಕವಾಗಿ ಕಳುಹಿಸಿದ್ದೇವೆ. ನೆರೆಯ ಆ ಬಾಯಿಯ ಹೇಳಿಕೆಯನ್ನು ಸಾಧ್ಯವಾದರೆ ಬರೆಸಿಕೊಳ್ಳಿರೆಂದೂ, ಔಷಧ ಹೊಡೆಸಿದ ಎರಡು ರಸೀದಿಗಳನ್ನು ಹುಡುಕಿರೆಂದೂ ತಿಳಿಸಿದ್ದೇವೆ. ಇಂಥ ನೋಟೀಸನ್ನು ಕನ್ನಡದಲ್ಲಿ ಬರೆದು ತಂದರೆ ಮರಾಠಿಗೋ ಇಂಗ್ಲಿಷಿಗೋ ತಿರುಗಿಸಿಕೊಡಲು ನಮ್ಮ ಕಚೇರಿಯಲ್ಲಿ ಒಬ್ಬರು ಶನಿವಾರ ಸಂಜೆ ನಾಲ್ಕರಿಂದ ಆರರ ತನಕ ಕುಳಿತಿರುತ್ತಾರೆ. ಬರುವಾಗ ಕರಾರಿನ ನಕಲನ್ನು ತರಬೇಕು.